ದಮ್ಮು ಯಾರ ಕಡೆಯಿಂದ ಬಂತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆ ಕಡೆಯ ಒಂದು ಹಳ್ಳಿ. ಅಡಿಕೆ ತೋಟದ ಮನೆ. ಮಗನಿಗೆ ಆರು ವರ್ಷ. ಎರಡು ವರ್ಷದಿಂದ ಮಳೆಗಾಲ ಶುರುವಾದರೆ ಸಾಕು, ಶೀತ, ರಾತ್ರಿ ಕೆಮ್ಮು, ಎದೆಯಲ್ಲಿ ಕುಯ್ ಕುಯ್ ಸದ್ದು. ಓಡಿದರೂ ಕೆಮ್ಮುತ್ತಾನೆ. ಡಾಕ್ಟರು ಆಸ್ತಮಾ ಅಂದರು, ಇನ್‌ಹೇಲರ್ ಕೊಟ್ಟರು. ನನ್ನ ತಂದೆಗೆ ದಮ್ಮು ಇತ್ತು. ಅದಕ್ಕೇ ಅತ್ತೆಯವರು "ಇದು ತಾಯಿ ಕಡೆಯಿಂದ ಬಂದಿದ್ದು, ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ" ಅನ್ನುತ್ತಾರೆ. ನನ್ನ ಗಂಡನಿಗೆ ಬೆಳಿಗ್ಗೆ ಎದ್ದ ಕೂಡಲೇ ಹತ್ತಿಪ್ಪತ್ತು ಸೀನು ಬರುವುದು ಬಿಟ್ಟರೆ ಬೇರೇನೂ ತೊಂದರೆ ಇಲ್ಲ. ಮಗನಿಗೆ ಚಿಕ್ಕವನಿದ್ದಾಗ ಮೊಣಕೈ ಸಂದಿಯಲ್ಲಿ ಇಸುಬು ಇತ್ತು. ಈಗ ನಾನು ಐದು ತಿಂಗಳ ಬಸುರಿ. ಈ ಮಗುವಿಗೂ ಬರುತ್ತಾ? ಜೀನ್ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತಾ? ಊರು ಬಿಟ್ಟು ಶಿವಮೊಗ್ಗಕ್ಕೆ ಹೋಗಬೇಕಾ? ಇನ್‌ಹೇಲರ್ ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಅಂತಾರಲ್ಲ, ನಿಜವಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ಕೆಮ್ಮಿನಷ್ಟೇ ಅತ್ತೆಯವರ ಮಾತೂ ನಿಮ್ಮನ್ನು ನೋಯಿಸಿದೆ ಅನ್ನಿಸಿತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಆಸ್ತಮಾ ಮನೆತನದಲ್ಲಿ ಹರಿದು ಬರುತ್ತದೆ, ಅದು ನಿಜ. ಆದರೆ ಇದು ನಿಮ್ಮ ಕಡೆಯಿಂದ ಮಾತ್ರ ಬಂತು ಅನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಆಧಾರ ಕಾಣಲಿಲ್ಲ. ಎರಡೂ ಕಡೆಯಿಂದ ಬಂದಿರುವ ಗುರುತು ಮಾತ್ರ ಚೆನ್ನಾಗಿ ಕಾಣುತ್ತದೆ. ಗಂಡನ ಬೆಳಗಿನ ಸೀನನ್ನು ನೀವು "ಬೇರೇನೂ ತೊಂದರೆ ಇಲ್ಲ" ಅಂತ ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ನನ್ನ ಕಣ್ಣು ನಿಂತಿದ್ದು ಅಲ್ಲೇ.

ದಿನಾ ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು ಬರುವುದು ಬಹಳ ಸಲ ಮೂಗಿನ ಅಲರ್ಜಿ. ಮೂಗಿನ ಒಳಪದರ ಮತ್ತು ಎದೆಯೊಳಗಿನ ಉಸಿರು ಕೊಳವೆಯ ಒಳಪದರ ಒಂದೇ ದಾರಿಯ ಎರಡು ಕೊನೆಗಳು. ಚರ್ಮದ ಇಸುಬು, ಮೂಗಿನ ಸೀನು, ಎದೆಯ ದಮ್ಮು, ಈ ಮೂರೂ ಒಡಹುಟ್ಟಿದ ಹಾಗೆ. ಒಂದು ಮನೆಯಲ್ಲಿ ಅಜ್ಜನಿಗೆ ದಮ್ಮಾಗಿ, ಅಪ್ಪನಿಗೆ ಸೀನಾಗಿ, ಮಗುವಿಗೆ ಮೊದಲು ಇಸುಬಾಗಿ ಆಮೇಲೆ ಕೆಮ್ಮಾಗಿ ಕಾಣಿಸಿಕೊಳ್ಳುತ್ತವೆ. ಹೆಸರು ಬೇರೆ ಬೇರೆ ಇರುವುದರಿಂದ "ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ" ಅನ್ನುವ ಮಾತು ಸುಲಭವಾಗಿ ಬರುತ್ತದೆ. ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ಸೀನು ಕೂಡ ಇದರ ಲೆಕ್ಕಕ್ಕೆ ಸೇರುತ್ತದೆ ಅಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ತಾಯಿಗೆ ಆಸ್ತಮಾ ಇದ್ದರೆ ಮಗುವಿಗೆ ಬರುವ ಸಂಭವ, ಇಲ್ಲದವರ ಮಕ್ಕಳಿಗಿಂತ ಸುಮಾರು 3 ಪಟ್ಟು. ತಂದೆಗೆ ಇದ್ದರೆ ಸುಮಾರು ಎರಡೂವರೆ ಪಟ್ಟು. ಹತ್ತಾರು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸಿಕ್ಕ ಲೆಕ್ಕ ಇದು. ತಾಯಿಯ ಪಾಲು ಸ್ವಲ್ಪ ಜಾಸ್ತಿ ಕಾಣುತ್ತದೆ, ಹೌದು. ಆದರೆ ನಿಮಗೆ ಆಸ್ತಮಾ ಇಲ್ಲವಲ್ಲ. ಇದ್ದದ್ದು ನಿಮ್ಮ ತಂದೆಗೆ.

ಇನ್ನು, ಬರುವುದು ಅಂದರೆ ಏನು ಬರುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಡೀ ಪ್ರಶ್ನೆಯ ಬೇರು ಇಲ್ಲಿದೆ.

ನಿಮ್ಮ ಗದ್ದೆ ಬದುವಿನಲ್ಲಿ ಮುಟ್ಟಿದರೆ ಮುನಿ ಗಿಡ ಇದ್ದೇ ಇರುತ್ತದೆ. ಪಕ್ಕದ ಹುಲ್ಲನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಇದನ್ನು ಮುಟ್ಟಿದರೆ ಎಲೆ ಮುದುಡಿಕೊಳ್ಳುತ್ತದೆ. ಕೆಲವರ ಉಸಿರು ಕೊಳವೆ ಹೀಗೇ. ತಣ್ಣನೆ ಗಾಳಿ, ಹೊಗೆ, ಧೂಳು, ಶೀತದ ವೈರಸ್, ಜೋರಾಗಿ ಓಡಿದ್ದು, ಜೋರಾಗಿ ನಕ್ಕಿದ್ದು, ಏನೇ ಆಗಲಿ, ಕೊಳವೆಯ ಸುತ್ತ ಇರುವ ಸಣ್ಣ ಸ್ನಾಯು ಬಿಗಿದುಕೊಳ್ಳುತ್ತದೆ. ಒಳಪದರ ಊದಿಕೊಳ್ಳುತ್ತದೆ, ಕಫ ಜಾಸ್ತಿಯಾಗುತ್ತದೆ. ಬೇರೆಯವರ ಕೊಳವೆಯೂ ಹೊಗೆಗೆ ಬಿಗಿಯುತ್ತದೆ. ಆದರೆ ಅದಕ್ಕೆ ತುಂಬಾ ಹೊಗೆ ಬೇಕು. ಇವರಿಗೆ ಸ್ವಲ್ಪ ಸಾಕು. ಈ ಮುನಿಸಿಕೊಳ್ಳುವ ಗುಣವನ್ನು ಅಳೆಯಬಹುದು. ಕೊಳವೆಯನ್ನು ಬಿಗಿಸುವ ಮೆಥಾಕೋಲಿನ್ ಅನ್ನುವ ಔಷಧಿಯನ್ನು ತೀರಾ ಸಣ್ಣ ಪ್ರಮಾಣದಿಂದ ಶುರು ಮಾಡಿ ಉಸಿರಿನಲ್ಲಿ ಎಳೆಸುತ್ತಾರೆ. ಎಷ್ಟು ಪ್ರಮಾಣಕ್ಕೆ ಊದುವ ಶಕ್ತಿ ಶೇಕಡಾ 20 ಇಳಿಯಿತು ಅಂತ ನೋಡುತ್ತಾರೆ. ಕಡಿಮೆ ಪ್ರಮಾಣಕ್ಕೇ ಇಳಿದರೆ ಕೊಳವೆ ಜಾಸ್ತಿ ಮುನಿಸಿನದು ಅಂತ ಅರ್ಥ. ನಿಮ್ಮ ಮಗನಿಗೆ ಈ ಪರೀಕ್ಷೆ ಬೇಕಾಗಿಲ್ಲ, ಅದು ಏನು ಅಂತ ತಿಳಿಯಲಿ ಎಂದು ಹೇಳಿದೆ.

ಮಕ್ಕಳಲ್ಲಿ ಇದು ಯಾಕೆ ಇಷ್ಟು ಕಷ್ಟ ಕೊಡುತ್ತದೆ ಗೊತ್ತಾ? ಅವರ ಕೊಳವೆಯೇ ಸಣ್ಣದು. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಆಗುವ ತಡೆ ಎರಡು ಪಟ್ಟು ಅಲ್ಲ, 16 ಪಟ್ಟು ಏರುತ್ತದೆ. ದೊಡ್ಡವರಿಗೆ ಬರೀ ಕೆಮ್ಮಾಗುವ ಊತ ಆರು ವರ್ಷದ ಹುಡುಗನಿಗೆ ರಾತ್ರಿಯ ನಿದ್ದೆಯನ್ನೇ ಕೆಡಿಸುತ್ತದೆ.

ಆ ಗುಣ ಹುಟ್ಟುವಾಗಲೇ ಇರುತ್ತದಾ? ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಇದನ್ನು ನೋಡಿದರು. ಸರಾಸರಿ ನಾಲ್ಕೂವರೆ ವಾರದ 63 ಆರೋಗ್ಯವಂತ ಹಸುಗೂಸುಗಳು. ಯಾವುದಕ್ಕೂ ಇನ್ನೂ ಕೆಮ್ಮಿಲ್ಲ, ದಮ್ಮಿಲ್ಲ. ಮನೆಯಲ್ಲಿ ಆಸ್ತಮಾ ಇದ್ದ ಕೂಸುಗಳ ಕೊಳವೆ ಆಗಲೇ ಜಾಸ್ತಿ ಮುನಿಸಿನದಾಗಿತ್ತು. 1991ರಲ್ಲಿ ಇದು ಪ್ರಕಟವಾಯಿತು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇದೆ, ನನಗೆ ಅದು ಮೊದಲನೆಯದಷ್ಟೇ ಮುಖ್ಯ. ಅಪ್ಪ ಅಮ್ಮ ಸಿಗರೇಟು ಸೇದುವ ಮನೆಯ ಕೂಸುಗಳ ಕೊಳವೆಯೂ ಹಾಗೇ ಇತ್ತು. ಒಂದು ತಿಂಗಳ ಕೂಸಿನ ಎದೆಯಲ್ಲಿ ರಕ್ತದಿಂದ ಬಂದದ್ದೂ ಮನೆಯ ಹೊಗೆಯಿಂದ ಬಂದದ್ದೂ ಆಗಲೇ ಒಟ್ಟಿಗೆ ಕೂತಿದ್ದವು.

ಕೊಳವೆಯ ಈ ಗುಣ ಇರುವವರೆಲ್ಲ ಆಸ್ತಮಾ ರೋಗಿಗಳಾಗುವುದಿಲ್ಲ. ಪರೀಕ್ಷೆಯಲ್ಲಿ ಮುನಿಸು ಕಂಡರೂ ಒಂದು ದಿನವೂ ದಮ್ಮು ಬಾರದೆ ಬೆಳೆಯುವ ಮಕ್ಕಳಿದ್ದಾರೆ. ವಂಶದಿಂದ ಬರುವುದು ಗುಣ. ರೋಗ ಆಮೇಲಿನ ಮಾತು.

ಇದನ್ನು ಅವಳಿ ಮಕ್ಕಳಲ್ಲಿ ಚೆನ್ನಾಗಿ ನೋಡಬಹುದು. ಒಂದೇ ಭ್ರೂಣ ಎರಡಾಗಿ ಹುಟ್ಟಿದ ಅವಳಿಗಳ ಜೀನ್ ಪೂರ್ತಿ ಒಂದೇ. ಆದರೂ ಒಬ್ಬನಿಗೆ ಆಸ್ತಮಾ ಇದ್ದು ಇನ್ನೊಬ್ಬನಿಗೆ ಇಲ್ಲದಿರುವುದು ಅಪರೂಪವಲ್ಲ. ಅವಳಿಗಳ ಅಧ್ಯಯನಗಳಿಂದ ಆಸ್ತಮಾದಲ್ಲಿ ವಂಶದ ಪಾಲು ಶೇಕಡಾ 35ರಿಂದ 95ರವರೆಗೆ ಅಂತ ಬೇರೆ ಬೇರೆ ಲೆಕ್ಕಗಳು ಬಂದಿವೆ. ಇಷ್ಟು ಅಂತರ ಯಾಕೆ ಅಂತ ನಿಮಗೆ ಅನ್ನಿಸಬಹುದು. ನಿಮ್ಮ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಇಡೀ ತೋಟಕ್ಕೆ ಒಂದೇ ಸಮ ನೀರು, ಗೊಬ್ಬರ, ನೆರಳು ಇದ್ದರೆ, ಒಂದು ಮರ ಎತ್ತರ ಇನ್ನೊಂದು ಗಿಡ್ಡ ಆಗಿದ್ದಕ್ಕೆ ಬಹುಪಾಲು ಬೀಜವೇ ಕಾರಣ. ಅದೇ ಬೀಜದ ಸಸಿಗಳನ್ನು ತಂದು, ಒಂದು ಸಾಲಿಗೆ ನೀರು ಬಿಟ್ಟು ಇನ್ನೊಂದನ್ನು ಒಣಗಿಸಿದರೆ? ಆಗ ನೀರಿನ ಪಾಲೇ ದೊಡ್ಡದು. ಬೀಜದ ಪಾಲು ಎಷ್ಟು ಅನ್ನುವ ಅಂಕಿ ಬೀಜದ ಒಳಗೆ ಬರೆದಿರುವುದಿಲ್ಲ. ಅದು ತೋಟವನ್ನೂ ನೋಡಿ ಹೇಳುವ ಅಂಕಿ. ಆದ್ದರಿಂದ ಯಾರಾದರೂ "ಆಸ್ತಮಾ ಶೇಕಡಾ 60 ವಂಶಪಾರಂಪರ್ಯ" ಅಂದರೆ, ನಿಮ್ಮ ಮಗುವಿಗೆ ಶೇಕಡಾ 60 ಸಂಭವ ಅಂತ ತಿಳಿಯಬೇಡಿ. ಎರಡೂ ಬೇರೆ ಮಾತು.

ನಾನು ಹೊಸದಾಗಿ ಡಾಕ್ಟರಾಗಿದ್ದ ಕಾಲದಲ್ಲಿ ಒಬ್ಬ ತಾಯಿಗೆ "ಇದು ನಿಮ್ಮ ವಂಶದಲ್ಲೇ ಇದೆ" ಅಂತ ಹೇಳಿ ಕಳಿಸಿದ್ದೆ. ಆಕೆಗೆ ಅದು "ಏನು ಮಾಡಿದರೂ ಅಷ್ಟೆ" ಅಂತ ಕೇಳಿಸಿತು. ಔಷಧಿ ಬಿಟ್ಟರು. ಮೂರು ತಿಂಗಳ ನಂತರ ಆ ಹುಡುಗಿ ಪಕ್ಕೆ ಒಳಗೆ ಹೋಗುವಷ್ಟು ದಮ್ಮು ಹತ್ತಿ ಬಂದಳು. ಹುಷಾರಾದಳು. ಆದರೆ ಆ ಒಂದು ಮಾತಿನ ಭಾರ ನನಗೆ ಇವತ್ತಿಗೂ ಇದೆ. ಅಂದಿನಿಂದ ವಂಶದ ಮಾತು ಎತ್ತಿದರೆ ಪೂರ್ತಿ ಹೇಳಿ ಮುಗಿಸುತ್ತೇನೆ.

ಜೀನ್‌ಗಳ ವಿಷಯಕ್ಕೆ ಬರುತ್ತೇನೆ. ಆಸ್ತಮಾಕ್ಕೆ ಒಂದು ಜೀನ್ ಇಲ್ಲ. ಜೀನ್‌ಗಳ ಸಾಲಿನಲ್ಲಿ ಆಸ್ತಮಾಕ್ಕೆ ನಂಟಿರುವ ನೂರಕ್ಕೂ ಹೆಚ್ಚು ಜಾಗಗಳು ಈವರೆಗೆ ಸಿಕ್ಕಿವೆ. ಒಂದೊಂದರ ಪಾಲೂ ಸಣ್ಣದು. 2002ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ 460 ಕುಟುಂಬಗಳನ್ನು ನೋಡಿ, 20ನೇ ಕ್ರೋಮೋಸೋಮಿನಲ್ಲಿ (ಜೀನ್‌ಗಳನ್ನು ಹೊತ್ತಿರುವ ಎಳೆಗೆ ಕ್ರೋಮೋಸೋಮ್ ಅಂತ ಹೆಸರು) ಎಡಿಎಎಂ 33 ಎಂಬ ಜೀನನ್ನು ಗುರುತಿಸಿದರು. ಅದು ಕೆಲಸ ಮಾಡುವುದು ಕೊಳವೆಯ ಸ್ನಾಯುವಿನಲ್ಲೇ. ಅಲರ್ಜಿಗಿಂತ ಕೊಳವೆಯ ಮುನಿಸಿಗೆ ಅದರ ನಂಟು ಜಾಸ್ತಿ. ಇಸುಬಿಗೆ ಸಂಬಂಧಪಟ್ಟದ್ದು ಫಿಲಾಗ್ರಿನ್ ಜೀನ್. ಇದು ಚರ್ಮದ ಮೇಲ್ಪದರವನ್ನು ಬಿಗಿಯಾಗಿ ಇಡುವ ಪ್ರೋಟೀನಿನದು. ಇದರಲ್ಲಿ ದೋಷ ಇದ್ದರೆ ಚರ್ಮ ಒಣಗುತ್ತದೆ, ಹೊರಗಿನ ಧೂಳು ಸಂದಿಯಿಂದ ಒಳಗಿಳಿದು ಮೈಗೆ ಅಲರ್ಜಿಯನ್ನು ಕಲಿಸುತ್ತದೆ. ಅಂಥ ಮಕ್ಕಳಲ್ಲಿ ಇಸುಬು ಬಂದು, ಮುಂದೆ ಆಸ್ತಮಾ ಬರುವುದು ಜಾಸ್ತಿ.

ನನಗೆ ತುಂಬಾ ಮುಖ್ಯ ಅನ್ನಿಸುವುದು 17ನೇ ಕ್ರೋಮೋಸೋಮಿನ ಕಥೆ. 2007ರಲ್ಲಿ ಬ್ರಿಟನ್ ಮತ್ತು ಜರ್ಮನಿಯ ಮಕ್ಕಳಲ್ಲಿ, ಆಸ್ತಮಾ ಇದ್ದ ಸುಮಾರು ಸಾವಿರ ಜನ ಮತ್ತು ಇಲ್ಲದ ಸಾವಿರದ ಮೇಲಿನ ಜನರ ಜೀನ್‌ಗಳನ್ನು ಹೋಲಿಸಿದರು. 17ನೇ ಕ್ರೋಮೋಸೋಮಿನ ಒಂದು ಜಾಗ ಎದ್ದು ಕಂಡಿತು. ಅಲ್ಲಿರುವ ಒಂದು ಜೀನಿನ ಹೆಸರು ಓಆರ್‌ಎಂಡಿಎಲ್ 3. ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ನೋಡಿದಾಗಲೂ ಇದು ನಿಂತಿತು, ಮುಖ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗುವ ಆಸ್ತಮಾದಲ್ಲಿ. ಆಮೇಲೆ 2013ರಲ್ಲಿ ಇನ್ನೊಂದು ಎಳೆ ಸಿಕ್ಕಿತು. ಈ ಜಾಗದಲ್ಲಿ ವ್ಯತ್ಯಾಸ ಇರುವ ಮಕ್ಕಳಿಗೆ ಎಳವೆಯಲ್ಲಿ ರೈನೋವೈರಸ್‌ನಿಂದ ಎದೆ ಕುಯ್ ಅನ್ನುವುದು ಜಾಸ್ತಿ, ಮತ್ತು ಹಾಗೆ ಕುಯ್ ಅಂದವರಲ್ಲೇ ಮುಂದೆ ಆಸ್ತಮಾ ಜಾಸ್ತಿ. ರೈನೋವೈರಸ್ ಅಂದರೆ ನಮ್ಮ ಮಾಮೂಲಿ ನೆಗಡಿಯ ವೈರಸ್. 2014ರಲ್ಲಿ ಡೆನ್ಮಾರ್ಕಿನವರು ಪದೇ ಪದೇ ಆಸ್ಪತ್ರೆ ಸೇರುವ ಪುಟ್ಟ ಮಕ್ಕಳಲ್ಲಿ ಸಿಡಿಎಚ್‌ಆರ್ 3 ಅನ್ನುವ ಜೀನನ್ನು ಕಂಡರು. ಮರುವರ್ಷವೇ ಅದರ ಕೆಲಸ ಗೊತ್ತಾಯಿತು. ಸಿ ಗುಂಪಿನ ರೈನೋವೈರಸ್ ಜೀವಕೋಶದ ಒಳಗೆ ನುಗ್ಗುವ ಬಾಗಿಲೇ ಅದು. ಕೆಲವರ ಮನೆಯಲ್ಲಿ ಆ ಬಾಗಿಲು ಜಾಸ್ತಿ, ಅಷ್ಟೆ.

ಈಗ ನಿಮ್ಮ ಮಗನ ಮಳೆಗಾಲವನ್ನು ನೋಡಿ. "ಮಳೆಗೆ ನೆನೆದ, ಅದಕ್ಕೆ ದಮ್ಮು ಬಂತು" ಅಂತ ಮನೆಯಲ್ಲಿ ಹೇಳುತ್ತಿರಬಹುದು. ಆದರೆ ಮೃಗಶಿರಾ ಮಳೆ ಬೀಳುವ ಹೊತ್ತಿಗೇ ಶಾಲೆಯೂ ಶುರುವಾಗಿರುತ್ತದೆ. ಎರಡು ತಿಂಗಳು ಮನೆಯಲ್ಲಿದ್ದ ಮಕ್ಕಳು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಒತ್ತೊತ್ತಾಗಿ ಕೂರುತ್ತಾರೆ. ಒಬ್ಬನ ನೆಗಡಿ ವಾರದಲ್ಲಿ ಎಲ್ಲರಿಗೂ ಹರಡುತ್ತದೆ. ಪಕ್ಕದ ಮನೆಯ ಹುಡುಗನಿಗೆ ಅದು ಮೂಗಿನಲ್ಲೇ ಮುಗಿಯುತ್ತದೆ. ನಿಮ್ಮ ಮಗನಿಗೆ ಎದೆಗೆ ಇಳಿಯುತ್ತದೆ. ಒದ್ದೆ ಆದದ್ದಕ್ಕಿಂತ ನೆಗಡಿಯ ಪಾಲು ದೊಡ್ಡದು. ಇದು ಗೊತ್ತಿದ್ದರೆ ಕೆಲಸಕ್ಕೆ ಬರುತ್ತದೆ. ದಮ್ಮು ಬಾರದಂತೆ ತಡೆಯುವ ಇನ್‌ಹೇಲರನ್ನು ಮಳೆ ಬಂದು ಕೆಮ್ಮು ಹತ್ತಿದ ಮೇಲೆ ಹುಡುಕುವುದಲ್ಲ. ಮೇ ತಿಂಗಳಲ್ಲೇ ಡಾಕ್ಟರ ಬಳಿ ಹೋಗಿ, ಮಳೆಗಾಲಕ್ಕೆ ಏನು ಎಷ್ಟು ಅಂತ ಬರೆಸಿಕೊಂಡು ಬರಬೇಕು. ಕಟ್ಟಿಗೆ, ದನಕ್ಕೆ ಹುಲ್ಲು ಎಲ್ಲ ಮಳೆಗಾಲಕ್ಕೆ ಮೊದಲೇ ಹೊಂದಿಸಿಕೊಳ್ಳುತ್ತೇವೆ ಅಲ್ವಾ, ಹಾಗೆ.

ಎಲ್ಲ ಜೀನಿನದೇ ಅಂದುಕೊಳ್ಳುವವರಿಗೆ ನಾನು ಬೆಂಗಳೂರಿನ ಅಂಕಿ ಹೇಳುತ್ತೇನೆ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ 20 ವರ್ಷಗಳ ಅವಧಿಯಲ್ಲಿ 20,000 ಮಕ್ಕಳನ್ನು ನೋಡಿ ಲೆಕ್ಕ ಇಟ್ಟರು. ಅದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ. 1979ರಲ್ಲಿ ಆಸ್ತಮಾ ಶೇಕಡಾ 9 ಇತ್ತು. 1999ಕ್ಕೆ ಶೇಕಡಾ 29.5 ಆಯಿತು. ಇಪ್ಪತ್ತು ವರ್ಷದಲ್ಲಿ ಒಂದು ಊರಿನ ಜನರ ಜೀನ್ ಹೀಗೆ ಬದಲಾಗುವುದಿಲ್ಲ. ಬದಲಾದದ್ದು ಗಾಳಿ, ಮನೆ, ಬದುಕು.

ಇದಕ್ಕೆ ತದ್ವಿರುದ್ಧವಾದ, ನಮ್ಮ ಮಲೆನಾಡಿಗೆ ಹತ್ತಿರದ ಒಂದು ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿ ಆಮಿಶ್ ಮತ್ತು ಹಟರೈಟ್ ಅಂತ ಎರಡು ಕೃಷಿಕ ಸಮುದಾಯಗಳಿವೆ. ಇಬ್ಬರ ಪೂರ್ವಿಕರೂ ಮಧ್ಯ ಯುರೋಪಿನ ಕಡೆಯವರು, ಜೀನ್ ಬಹಳ ಹೋಲುತ್ತದೆ. ಊಟ, ದೊಡ್ಡ ಕುಟುಂಬ ಎಲ್ಲ ಹೆಚ್ಚುಕಡಿಮೆ ಒಂದೇ. ಆದರೆ ಹಟರೈಟ್ ಮಕ್ಕಳಲ್ಲಿ ಆಸ್ತಮಾ ಶೇಕಡಾ 21, ಆಮಿಶ್ ಮಕ್ಕಳಲ್ಲಿ ಶೇಕಡಾ 5. ಯಾಕೆ? ಆಮಿಶ್ ಜನ ಹಳೆಯ ಕ್ರಮದ ರೈತರು. ಕುದುರೆಯಲ್ಲಿ ಹೂಡುತ್ತಾರೆ, ಕೊಟ್ಟಿಗೆ ಮನೆಗೆ ಅಂಟಿದಂತೆ, ಮಕ್ಕಳು ಹುಟ್ಟಿದಾಗಿನಿಂದ ಅದರಲ್ಲೇ ಆಡುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಕೃಷಿ, ಕೊಟ್ಟಿಗೆ ದೂರ. ಆಮಿಶ್ ಮನೆಗಳ ಧೂಳಿನಲ್ಲಿ ಬ್ಯಾಕ್ಟೀರಿಯಾದ ಒಂದು ಅಂಶ 6.8 ಪಟ್ಟು ಜಾಸ್ತಿ ಇತ್ತು. ಹುಟ್ಟಿನಿಂದಲೇ ಅಂಥ ಧೂಳನ್ನು ಕಂಡ ರೋಗನಿರೋಧಕ ಶಕ್ತಿ ಬೇರೆ ದಾರಿ ಹಿಡಿದಿತ್ತು. 2016ರಲ್ಲಿ ಈ ಅಧ್ಯಯನ ಬಂತು. ಅದೇ ವರ್ಷ ಯುರೋಪಿನ ಹಳ್ಳಿ ಮಕ್ಕಳಲ್ಲೂ ಒಂದು ಸಂಗತಿ ಕಂಡಿತು. ಮೊದಲು ಹೇಳಿದೆನಲ್ಲ, 17ನೇ ಕ್ರೋಮೋಸೋಮಿನ ಆ ಜಾಗ, ಅದರಲ್ಲಿ ವ್ಯತ್ಯಾಸ ಇದ್ದ ಮಕ್ಕಳಿಗೇ ಕೊಟ್ಟಿಗೆಯ ಒಡನಾಟದಿಂದ ಸಿಕ್ಕ ರಕ್ಷಣೆ ಎದ್ದು ಕಂಡಿತು. ನೆಗಡಿಗೆ ಬೇಗ ಸೋಲುವ ಗುಣವೇ ಕೊಟ್ಟಿಗೆಯ ಒಳ್ಳೆಯದನ್ನೂ ಬೇಗ ಹೀರಿಕೊಳ್ಳುತ್ತದೆ. ಒಂದೇ ಜೀನ್ ಒಂದು ಮನೆಯಲ್ಲಿ ತೊಂದರೆ, ಇನ್ನೊಂದು ಮನೆಯಲ್ಲಿ ಆಸರೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬಹಳ ಸಮಾಧಾನವಾಯಿತು. ಹೊಸನಗರದ ನಮ್ಮ ಮನೆಯಲ್ಲಿ ಅಜ್ಜಿಗೆ ಗೂರಲು ಇತ್ತು. ಆರಿದ್ರಾ ಮಳೆ ಹಿಡಿದರೆ ರಾತ್ರಿಯಿಡೀ ಗೋಡೆಗೆ ಒರಗಿ ಕೂತಿರುತ್ತಿದ್ದರು. ಇದು ಮನೆತನದ ಶಾಪ ಅಂತಲೇ ಅವರು ನಂಬಿದ್ದರು.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಮಗನನ್ನು ದಿನಾ ಕೊಟ್ಟಿಗೆಗೆ ಕಳಿಸಬೇಡಿ. ರಕ್ಷಣೆ ಸಿಗುವುದು ಬಸುರಿನಲ್ಲಿ ಮತ್ತು ಮೊದಲ ಒಂದೆರಡು ವರ್ಷಗಳಲ್ಲಿ. ಆಸ್ತಮಾ ಬಂದಾದ ಮೇಲೆ ಹಳೇ ಹುಲ್ಲಿನ ಧೂಳು, ದರಗಿನ (ಒಣ ಎಲೆಯ) ಬೂಷ್ಟು ಅವನ ಎದೆಗೆ ಕಷ್ಟವನ್ನೇ ಕೊಡಬಹುದು. ಕರುವಿನ ಜೊತೆ ಆಡಲಿ, ತೊಂದರೆಯಿಲ್ಲ. ಹುಲ್ಲು ಕೆದರುವಾಗ, ದರಗು ಹಾಸುವಾಗ ಅಲ್ಲಿ ಇರುವುದು ಬೇಡ.

ಸೋದರಿಕೆಯಲ್ಲಿ ಮದುವೆಯಾದವರು "ಅದರಿಂದ ಬಂತಾ" ಅಂತ ಕೇಳುತ್ತಾರೆ. ನಿಮ್ಮ ಪ್ರಶ್ನೆ ಅಲ್ಲ, ಆದರೂ ಒಂದು ಮಾತು. ಸೋದರಿಕೆಯಲ್ಲಿ ಮುಖ್ಯ ಭಯ ಇರುವುದು, ಒಂದೇ ಜೀನಿನ ಎರಡೂ ಪ್ರತಿ ಕೆಟ್ಟಾಗ ಬರುವ ಕಾಯಿಲೆಗಳದು. ಆಸ್ತಮಾ ಆ ಜಾತಿಯದಲ್ಲ. ಹುಟ್ಟಿದಾಗಿನಿಂದ ಕಫ ಕೆಮ್ಮು, ತೂಕವೇ ಏರದಿರುವುದು, ಪದೇ ಪದೇ ನ್ಯುಮೋನಿಯಾ, ಇಂಥವು ಇದ್ದರೆ ಮಾತ್ರ ಬೇರೆ ಕಾಯಿಲೆ ಇದೆಯಾ ಅಂತ ಡಾಕ್ಟರು ನೋಡಬೇಕು.

ಜೀನ್ ಪರೀಕ್ಷೆ ಬೇಡ. ನೂರು ಜಾಗಗಳಲ್ಲಿ ಸಣ್ಣ ಸಣ್ಣ ಪಾಲು ಇರುವ ಕಾಯಿಲೆಗೆ, ಎಂಜಲು ಕಳಿಸಿ ತರಿಸುವ ಕಾಗದ ನಿಮ್ಮ ಮಗನ ಚಿಕಿತ್ಸೆಯಲ್ಲಿ ಒಂದು ಹನಿಯನ್ನೂ ಬದಲಿಸುವುದಿಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಸ್ಪೇಸರ್, ಅಂದರೆ ಇನ್‌ಹೇಲರಿಗೆ ಜೋಡಿಸುವ ಟೊಳ್ಳು ಡಬ್ಬಿ, ತನ್ನಿ. ನಿಮ್ಮ ಪತ್ರದ ನಾಲ್ಕು ಸಾಲೇ ಆ ಪರೀಕ್ಷೆಗಿಂತ ಹೆಚ್ಚು ಹೇಳಿವೆ. ಅಜ್ಜನ ದಮ್ಮು, ಅಪ್ಪನ ಸೀನು, ಮಗುವಿನ ಇಸುಬು, ಓಡಿದಾಗ ಕೆಮ್ಮು. ಅಮೆರಿಕದ ಟೂಸಾನ್ ನಗರದಲ್ಲಿ 1980ರಿಂದ 1,246 ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ ನೋಡಿದ್ದಾರೆ. ಮೂರು ವರ್ಷದೊಳಗೆ ಎದೆ ಕುಯ್ ಅಂದ ಮಕ್ಕಳಲ್ಲಿ ಸುಮಾರು ಶೇಕಡಾ 60 ಮಂದಿಗೆ ಆರು ವರ್ಷದ ಹೊತ್ತಿಗೆ ಅದು ಹೋಗಿತ್ತು. ಯಾರಿಗೆ ಉಳಿಯುತ್ತದೆ ಅಂತ ಊಹಿಸಲು ಅವರು ಬಳಸಿದ ದೊಡ್ಡ ಸುಳಿವುಗಳು ಎರಡು: ಅಪ್ಪ ಅಮ್ಮನಿಗೆ ಆಸ್ತಮಾ, ಮಗುವಿಗೆ ಇಸುಬು. ನಿಮ್ಮ ಮಗನಿಗೆ ಇಸುಬು ಇತ್ತು, ಕುಯ್ ಕುಯ್ ಶುರುವಾಗಿದ್ದೇ ನಾಲ್ಕರ ಮೇಲೆ. ಹಾಗಾಗಿ "ಬೆಳೀತಾ ಹೋಗುತ್ತೆ" ಅಂತ ಸುಮ್ನೆ ಕೂರುವ ಮಗು ಇವನಲ್ಲ. ಡಾಕ್ಟರು ಇನ್‌ಹೇಲರ್ ಕೊಟ್ಟಿದ್ದು ಸರಿಯಾಗಿದೆ. ದೊಡ್ಡವನಾದಂತೆ ಕಡಿಮೆಯಾಗಲೂಬಹುದು. ಹರೆಯದವರೆಗೆ ಆಸ್ತಮಾ ಹುಡುಗರಲ್ಲೇ ಜಾಸ್ತಿ, ಆಮೇಲೆ ಹೆಣ್ಣುಮಕ್ಕಳಲ್ಲಿ ಜಾಸ್ತಿ.

ಅವನಿಗೆ ಈಗ ಆರು ವರ್ಷ, ಊದುವ ಪರೀಕ್ಷೆ ಮಾಡಿಸುವ ವಯಸ್ಸು. ಸ್ಪೈರೋಮೆಟ್ರಿ ಅಂತಾರೆ. ಮೊದಲು ಊದಿಸುತ್ತಾರೆ, ಆಮೇಲೆ ಅಸ್ತಾಲಿನ್‌ನಂಥ ಔಷಧಿ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಶೇಕಡಾ 12ಕ್ಕಿಂತ ಜಾಸ್ತಿ ಏರಿದರೆ, ಬಿಗಿದಿದ್ದ ಕೊಳವೆ ತೆರೆದುಕೊಂಡಿತು ಅಂತ ಅರ್ಥ. ಒಂದು ಸಲ ಏರದಿದ್ದರೂ ಆಸ್ತಮಾ ಇಲ್ಲ ಅಂತ ಆಗುವುದಿಲ್ಲ. ಹುಷಾರಾಗಿರುವ ದಿನ ಊದಿದರೆ ಸರಿಯಾಗಿಯೇ ಬರುತ್ತದೆ.

ಇನ್‌ಹೇಲರ್ ಬಗ್ಗೆ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಅದರಲ್ಲಿ ಎರಡು ಬಗೆ. ಒಂದು, ಬಿಗಿದ ಸ್ನಾಯುವನ್ನು ಕೂಡಲೇ ಸಡಿಲಿಸುವುದು. ಇನ್ನೊಂದು ದಮ್ಮು ಬಾರದಂತೆ ತಡೆಯುವುದು, ಬುಡೆಸೊನೈಡ್‌ನಂಥ ಸಣ್ಣ ಪ್ರಮಾಣದ ಸ್ಟೀರಾಯ್ಡ್. ಇದು ಒಳಪದರದ ಊತ ಇಳಿಸಿ, ವಾರಗಳಲ್ಲಿ ಕೊಳವೆಯ ಮುನಿಸನ್ನೇ ಕಡಿಮೆ ಮಾಡುತ್ತದೆ. ವಂಶದಿಂದ ಬಂದ ಗುಣವನ್ನು ನಿಜವಾಗಿ ಮುಟ್ಟುವ ಔಷಧಿ ಇದೇ. ಆದರೆ ಇದರಿಂದ ತಕ್ಷಣ ಏನೂ ಅನ್ನಿಸುವುದಿಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಮೊದಲನೆಯದನ್ನು ಇಟ್ಟುಕೊಂಡು ಇದನ್ನು ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎತ್ತರ ಕಡಿಮೆಯಾಗುತ್ತದಾ ಅಂತ ಎಲ್ಲ ತಾಯಂದಿರೂ ಕೇಳುತ್ತಾರೆ. ಅಮೆರಿಕದಲ್ಲಿ ನಾಲ್ಕರಿಂದ ಆರು ವರ್ಷ ಬುಡೆಸೊನೈಡ್ ತೆಗೆದುಕೊಂಡ ಮಕ್ಕಳನ್ನು ದೊಡ್ಡವರಾಗುವವರೆಗೂ ಅಳೆದರು. ಸರಾಸರಿ ವ್ಯತ್ಯಾಸ 1.2 ಸೆಂಟಿಮೀಟರ್. ರಾತ್ರಿ ನಿದ್ದೆಯಿಲ್ಲದೆ ಕೆಮ್ಮುವ ಮಗುವೂ ಸರಿಯಾಗಿ ಬೆಳೆಯದೆ ಇರಬಹುದು. ಈ ತೂಕದಲ್ಲಿ ನನ್ನ ಮನಸ್ಸು ಔಷಧಿಯ ಕಡೆಗೇ. ಜೀವನಪೂರ್ತಿ ಅನ್ನುವುದು ತಪ್ಪು ಮಾತು. ಕೆಲವು ತಿಂಗಳು ಪೂರ್ತಿ ಹಿಡಿತದಲ್ಲಿದ್ದರೆ ಡಾಕ್ಟರೇ ಪ್ರಮಾಣ ಇಳಿಸುತ್ತಾ ಬರುತ್ತಾರೆ. ಮಳೆಗಾಲದ ನಡುವೆ ಮಾತ್ರ ಇಳಿಸಬೇಡಿ ಅಂತ ಕೇಳಿಕೊಳ್ಳಿ.

ಸ್ಪೇಸರ್ ಇಲ್ಲದೆ ಈ ವಯಸ್ಸಿನಲ್ಲಿ ಔಷಧಿ ಬಹುಪಾಲು ಗಂಟಲಿಗೇ ಅಂಟುತ್ತದೆ. ಒಂದು ಸಲಕ್ಕೆ ಒಂದೇ ಒತ್ತು, ಐದಾರು ನಿಧಾನದ ಉಸಿರು, ಕೊನೆಗೆ ಬಾಯಿ ಮುಕ್ಕಳಿಸುವುದು. ಸ್ಪೇಸರನ್ನು ಸೋಪಿನ ನೀರಿನಲ್ಲಿ ಅದ್ದಿ ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಒಳಗೆ ವಿದ್ಯುತ್ ಸೆಳೆತ ಹುಟ್ಟಿ ಔಷಧಿ ಗೋಡೆಗೇ ಹಿಡಿಯುತ್ತದೆ.

ಊರು ಬಿಡಬೇಕಾಗಿಲ್ಲ. ಶಿವಮೊಗ್ಗದಲ್ಲಿ ಮಳೆ ಕಡಿಮೆ, ಆದರೆ ವಾಹನದ ಹೊಗೆ ಜಾಸ್ತಿ, ನೆಗಡಿ ಎರಡೂ ಕಡೆ ಇದೆ. ಮನೆಯಲ್ಲಿ ಮೊದಲು ಅವನು ಮಲಗುವ ಕೋಣೆ ನೋಡಿ. ತೇವದಲ್ಲಿ ಬದುಕುವ ಕಣ್ಣಿಗೆ ಕಾಣದ ಧೂಳು ಹುಳಕ್ಕೆ ನಮ್ಮ ಮಳೆಗಾಲ ಹಬ್ಬ. ಕಂಬಳಿ, ಹತ್ತಿ ಹಾಸಿಗೆ, ದಿಂಬು ಅದರ ಮನೆ. 60 ಡಿಗ್ರಿ ಬಿಸಿ ನೀರಿಗೆ ಅದು ಸಾಯುತ್ತದೆ. ನಿಮ್ಮ ಬಚ್ಚಲಿನ ಹಂಡೆಯಲ್ಲಿ ಕೈ ಇಡಲಾಗದಷ್ಟು ಸುಡುವ ನೀರು ಹೇಗೂ ಇರುತ್ತದೆ, ವಾರಕ್ಕೊಮ್ಮೆ ಹಾಸು ಹೊದಿಕೆಯನ್ನು ಅದರಲ್ಲಿ ನೆನೆಸಿ ಒಗೆಯಿರಿ. ಕಂಬಳಿ ಬೇಡ, ತೊಳೆಯಲು ಆಗುವ ಹೊದಿಕೆ ಇರಲಿ. ಮಳೆಗಾಲದಲ್ಲಿ ಬಟ್ಟೆಯನ್ನು ಬಚ್ಚಲ ಒಲೆ ಮೇಲೆ ಒಣಗಿಸುತ್ತೇವೆ, ಹೊಗೆ ಪೂರ್ತಿ ಬಟ್ಟೆಗೆ ಹಿಡಿಯುತ್ತದೆ. ಅವನ ಬಟ್ಟೆ ಮಟ್ಟಿಗೆ ಬೇರೆ ಜಾಗ ಮಾಡಿ. ಗೋಡೆಯ ಬೂಷ್ಟನ್ನು ಒರೆಸುವಾಗ ಅವನು ಪಕ್ಕದಲ್ಲಿರಬಾರದು. ಸೊಳ್ಳೆ ಬತ್ತಿ ಬಿಟ್ಟು ಸೊಳ್ಳೆ ಪರದೆ ಕಟ್ಟಿ. ಅಡಿಕೆ ಸುಗ್ಗಿಯಲ್ಲಿ ಬೇಯಿಸುವ ಒಲೆಯ ಹತ್ತಿರ, ಒಣ ಸಿಪ್ಪೆ ಕೊಡವುವ ಕಡೆ ಅವನನ್ನು ಕೂರಿಸಬೇಡಿ. ಬೀಡಿ, ಸಿಗರೇಟು ಮನೆಯೊಳಗೂ ಇಲ್ಲ, ಜಗುಲಿಯಲ್ಲೂ ಇಲ್ಲ. ಬಾಳೆಹಣ್ಣು, ಮೊಸರು ನಿಲ್ಲಿಸಿದ್ದರೆ ಮತ್ತೆ ಕೊಡಿ, ತಿಂದಾಗ ಕೆಮ್ಮು ಬರುವುದು ಕಣ್ಣಾರೆ ಕಂಡಿದ್ದರೆ ಮಾತ್ರ ಬೇಡ. ಕಷಾಯ ಕುಡಿಯಲಿ, ಗಂಟಲಿಗೆ ಹಿತ. ಇನ್‌ಹೇಲರ್ ಬದಲಿಗೆ ಅಲ್ಲ.

ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ ಕಾಯಬೇಡಿ. ಸಡಿಲಿಸುವ ಇನ್‌ಹೇಲರ್ ಕೊಡುತ್ತಲೇ 108ಕ್ಕೆ ಫೋನ್ ಮಾಡಿ ಹೊರಡಿ. ನಿಮ್ಮ ಕಡೆಯಿಂದ ತೀರ್ಥಹಳ್ಳಿಗೆ ಬರುವುದಕ್ಕೇ ಹೊತ್ತು ಹಿಡಿಯುತ್ತದೆ. ಎಷ್ಟು ಒತ್ತು, ಎಷ್ಟು ಹೊತ್ತಿಗೊಮ್ಮೆ ಅಂತ ಡಾಕ್ಟರ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿಡಿ.

ಇನ್ನು ಹೊಟ್ಟೆಯಲ್ಲಿರುವ ಮಗು. ಅಣ್ಣನಿಗೆ ಇರುವುದರಿಂದ, ಎರಡೂ ಕಡೆ ಗುಣ ಇರುವುದರಿಂದ, ಸಂಭವ ಬೇರೆ ಮಕ್ಕಳಿಗಿಂತ ಜಾಸ್ತಿ. ಬಂದೇ ಬರುತ್ತದೆ ಅಂತ ಅಲ್ಲ. ಒಂದೇ ತಾಯಿ ತಂದೆಯ ಮಕ್ಕಳಿಗೆ ಜೀನ್‌ಗಳು ಹಂಚಿಕೆಯಾಗುವುದು ಪ್ರತಿ ಸಲವೂ ಹೊಸದಾಗಿ. ನೀವು ಈಗಲೇ ಮಾಡಬಹುದಾದ ದೊಡ್ಡ ಕೆಲಸ ಹೊಗೆಯಿಂದ ದೂರ ಇರುವುದು. ಬಸುರಿ ಸಿಗರೇಟು ಸೇದಿದರೆ ಹುಟ್ಟಿದ ಮಗುವಿನ ಜೀನ್‌ಗಳ ಮೇಲೆ ಅದರ ರಾಸಾಯನಿಕ ಗುರುತು ಇರುತ್ತದೆ, ಹೊಕ್ಕುಳಬಳ್ಳಿಯ ರಕ್ತದಲ್ಲೇ ಅದನ್ನು ಕಂಡಿದ್ದಾರೆ. ನೀವು ಸೇದುವವರಲ್ಲ ಅಂದುಕೊಳ್ಳುತ್ತೇನೆ. ಆದರೆ ಬಚ್ಚಲ ಒಲೆ ಊದುವ ಕೆಲಸ, ಅಡಿಕೆ ಬೇಯಿಸುವ ಕೆಲಸ ಇನ್ನು ನಾಲ್ಕು ತಿಂಗಳು ಬೇರೆ ಯಾರಾದರೂ ಮಾಡಲಿ. ಇದನ್ನು ಡಾಕ್ಟರು ಹೇಳಿದ್ದಾರೆ ಅಂತಲೇ ಮನೆಯಲ್ಲಿ ಹೇಳಿ. ಮಗು ಹುಟ್ಟಿದ ಮೇಲೆ ಎದೆಹಾಲು ಕೊಡಿ. ನೆಗಡಿ ಇದ್ದವರು ಎತ್ತಿಕೊಳ್ಳುವುದು ಬೇಡ, ಅಣ್ಣನೂ ಸೇರಿ. ಚರ್ಮ ಒಣಗಿ ಕೆಂಪಾಗುತ್ತಿದೆ ಅನ್ನಿಸಿದರೆ ಬೇಗ ತೋರಿಸಿ.

ಮುಂದಿನ ಸಲ ಊದುವ ಪರೀಕ್ಷೆಗೆ ಶಿವಮೊಗ್ಗಕ್ಕೆ ಬರುವಾಗ ಗಂಡನ ಜೊತೆ ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಔಷಧಿಗೆ ಮೊದಲು ಒಂದು ಗೆರೆ, ಆಮೇಲೆ ಒಂದು ಗೆರೆ ಪರದೆ ಮೇಲೆ ಬರುತ್ತದೆ. ಮೊಮ್ಮಗನ ಕೊಳವೆ ತೆರೆದುಕೊಳ್ಳುವುದನ್ನು ಅವರು ಕಣ್ಣಾರೆ ನೋಡಲಿ. ಗಂಡನ ಸೀನಿಗೂ ಅವತ್ತೇ ಔಷಧಿ ಬರೆಸಿಕೊಳ್ಳಿ. ಸ್ಪೇಸರನ್ನು ಮರೆಯದೆ ತನ್ನಿ, ಅವನು ಹೇಗೆ ಎಳೆದುಕೊಳ್ಳುತ್ತಾನೆ ಅಂತ ಡಾಕ್ಟರು ಒಮ್ಮೆ ನೋಡಬೇಕು.